ಕೆಎಲ್ ಹದಿನಾಲ್ಕು

ತೊಕ್ಕೊಟ್ಟಿನಲ್ಲಿ ಕೈ ಅಡ್ಡ ಹಿಡಿದ ಪೊಲೀಸರು
ನನ್ನ ಮುಖಕ್ಕಿಂತ ಮೊದಲು ನಂಬರ್ ಪ್ಲೇಟ್ ಓದಿದರು.
‘ಎಷ್ಟು ಸಮಯ ಆಯ್ತು ಈಚೆ ಬಂದು?’
ಹನ್ನೊಂದು ತಿಂಗಳು ಸಾರ್.
ಹದಿನಾಲ್ಕು ಆಗಿತ್ತು.
ಹಿಂದೆ ಟ್ರೇಗಳಲ್ಲಿ ಬನ್ನು, ಬ್ರೆಡ್ಡು
ಪ್ಲಾಸ್ಟಿಕ್ಕಿನೊಳಗೆ ಬೆವರುತ್ತಿದ್ದವು.

‘ವರ್ಷ ದಾಟಿದರೆ ಇಲ್ಲಿಯ ಟ್ಯಾಕ್ಸು, ಇಲ್ಲಿಯ ನಂಬರು.
ಗೊತ್ತುಂಟಲ್ಲ?’
ಗೊತ್ತುಂಟು. ಕಾಸರಗೋಡಿನ ಆಫೀಸಿಂದ
ಆಕ್ಷೇಪಣೆ ಇಲ್ಲ ಅಂತ ಕಾಗದ ಬರಬೇಕು.
ಆಫೀಸಿಗೆ ಆಕ್ಷೇಪಣೆ ಇಲ್ಲ.
ಪ್ರಸೀತಾಗೆ ಉಂಟು.

ಆರ್‌ಸಿಯಲ್ಲಿ ಈಗಲೂ ಅವಳ ಅಪ್ಪ ಕುಂಞಂಬು,
ತೀರಿಹೋಗಿ ಎರಡು ಮಳೆಗಾಲ.
ತಮ್ಮಂದಿರಿಬ್ಬರೂ ಉಪ್ಪಳದ ಬಸ್‌ಸ್ಟ್ಯಾಂಡಿನಲ್ಲೇ
ನನ್ನ ಬೆನ್ನ ಮೇಲೆ ಕಾಗದ ಇಟ್ಟು ಸಹಿ ಹಾಕಿದರು.
ಇವಳು ಪೆನ್ನು ಬಿಚ್ಚಿದಳು, ಮುಚ್ಚಿದಳು.

‘ತಲಪಾಡಿ ಬಸ್ಸಲ್ಲಿ ದಿನಾ ಬರ್ತೇನೆ ಕೆಲಸಕ್ಕೆ.
ಸಂಕದ ಮೇಲೆ ಒಮ್ಮೊಮ್ಮೆ ಸಿಗ್ತದೆ ನಿಮ್ಮ ಗಾಡಿ.
ಬಿಳಿ ಓಮ್ನಿ ಸಾವಿರ ಉಂಟು, ಅಣ್ಣ,
ನಂಬರು ತೆಗೆದರೆ ನಾನು ಯಾವುದನ್ನು ನೋಡುವುದು?’

ಇದನ್ನೆಲ್ಲ ಪೊಲೀಸರಿಗೆ ಹೇಳಲಿಕ್ಕೆ ಆಗ್ತದಾ?
ಇನ್ಶೂರೆನ್ಸ್ ಕೊಟ್ಟೆ, ಹೊಗೆಯ ಸರ್ಟಿಫಿಕೇಟು ಕೊಟ್ಟೆ,
ದಂಡದ ರಶೀದಿ ಮಡಚಿ
ಆ ಸಹಿಯಿಲ್ಲದ ಕಾಗದದ ಜೊತೆಗೇ ಇಟ್ಟೆ.
‘ಮುಂದಿನ ಸಲ ಬಿಡುವುದಿಲ್ಲ ಮಾರಾಯ,
ಗಾಡಿ ಸ್ಟೇಷನ್‌ನಲ್ಲೇ.’

ನೇತ್ರಾವತಿಯ ಮೇಲೆ ಬಸ್ಸೊಂದು
ನನ್ನನ್ನು ಹಿಂದೆ ಹಾಕಿ ಹೋಯಿತು.
ಯಾವ ಕಿಟಕಿಯೋ, ಆ ಬಸ್ಸೇ ಹೌದೋ.
ಪ್ಲೇಟು ಪೂರ್ತಿ ಕಾಣುವಷ್ಟು ನಿಧಾನ ಮಾಡಿ
ಒಮ್ಮೆ ಹಾರ್ನ್ ಹೊಡೆದೆ.
ಅದನ್ನು ಕೂಡಿಸಿದ್ದೂ ಕುಂಞಂಬುವೇ,
ಆಡು ಕೂಗಿದ ಹಾಗೆ ಕೇಳುತ್ತದೆ.