ನಡುವಿನ ಕೆಲಸ

ಬಿಸಿನೆಸ್ ಇನ್ಫರ್ಮೇಶನ್ ಸಿಸ್ಟಮ್ಸ್, ನಾಲ್ಕನೇ ಸೆಮಿಸ್ಟರ್.
ಮೀನಿನ ಹರಾಜನ್ನೇ ಚೌಕಗಳಲ್ಲಿ ಬರೆದು
ಬೈತಖೋಲದ ಧಕ್ಕೆಗೆ ಒಯ್ದೆ.
ಒಂದು ದೋಣಿ, ಒಬ್ಬ ಮಾಲಕ;
ನಡುವೆ ಒಂದೇ ಗೆರೆ.

ಶೇವಂತಿ ಚಿಕ್ಕಿ ಕೈ ಒರೆಸಿಕೊಂಡು ನೋಡಿದಳು.
ಹಾಳೆಗೆ ತಾರ್ಲೆಯ ಹುರುಪೆಯೊಂದು ಅಂಟಿತು.
"ಸುಳ್ಳು ಇದು. ದೋಣಿ ನಾಲ್ವರದು,
ಬಲೆ ಬೇರೆಯವರದು,
ಎಂಜಿನ್ನು ಅರ್ಧ ಇನ್ನೂ ಸೊಸೈಟಿಯದು."

ಅಳಿಸಿದೆ. ಗೆರೆ ಹದಿನಾಲ್ಕಾದವು.

"ಕಲಿತು ಏನಾಗ್ತೀಯೆ?"
"ಅನಲಿಸ್ಟ್. ವ್ಯಾಪಾರದವರ ಮಾತು
ಕಂಪ್ಯೂಟರಿನವರಿಗೆ, ಅವರದ್ದು ಇವರಿಗೆ,
ನಡುವೆ ನಿಂತು..."
"ದಲಾಲಿ ಅನ್ನು. ಒಳ್ಳೇ ಕೆಲಸ.
ಗಂಟಲು ಗಟ್ಟಿ ಬೇಕು."

ಮೂರನೇ ಬುಟ್ಟಿ ನೀ ಕೂಗು, ಅಂದಳು.
ಕೂಗಿದೆ.
ಮಂಜುಗಡ್ಡೆ ಲಾರಿಯ ಸದ್ದಿನಲ್ಲಿ ನನ್ನ ದರ
ಎಲ್ಲೋ ಹೋಯಿತು.
ತಿರುಗಿ ನೋಡಿದ್ದು
ಒಂದು ಕಾಗೆ.