ಗೇಟಿನ ಚಕ್ರ

ಈ ಊರು ಎಷ್ಟೊತ್ತಿಗೆ ಏಳುತ್ತದೆಂದು
ಗಡಿಯಾರ ನೋಡದೆ ಹೇಳಬಲ್ಲೆ.
ಐದೂಕಾಲಿಗೆ ಸಣ್ಣ ಗೊಳಗೊಳ,
ಆರಕ್ಕೆ ಸಾಬೂನು, ಎಂಟಕ್ಕೆ ಕುಚ್ಚಲಕ್ಕಿಯ ತಿಳಿ,
ಶುಕ್ರವಾರ ಮಧ್ಯಾಹ್ನ ಮಸೀದಿ ಕಡೆಯಿಂದ
ಹತ್ತು ನಿಮಿಷ ಬರೀ ತಣ್ಣನೆ ನೀರು.
ಹತ್ತೊಂಬತ್ತು ವರ್ಷ ತೋಡಿನ ದಂಡೆಯ ಈ ಪಂಪ್‌ಹೌಸಿನಲ್ಲಿ
ಮಂಗಳೂರನ್ನು ಮೂಗಿನಿಂದ ಓದಿದ್ದೇನೆ.
ಕಾಗದದಲ್ಲಿ ಇದು ವೆಟ್‌ವೆಲ್.
ನಮಗೆ ಬಾವಿ,
ಯಾರೂ ಕೊಡಪಾನ ಇಳಿಸದ ಬಾವಿ.

ಮಳೆಗಾಲಕ್ಕೆ ಲೆಕ್ಕ ತಪ್ಪುತ್ತದೆ.
ತಾರಸಿಯದ್ದು, ಅಂಗಳದ್ದು,
ರಾತ್ರಿ ಮುಚ್ಚಳ ಸರಿಸಿ ಜನ ಮೆಲ್ಲಗೆ ಬಿಟ್ಟದ್ದು,
ಎಲ್ಲ ಓಡಿ ಬರುವುದು ನನ್ನ ಹತ್ತಿರವೇ.
ಇರುವುದು ಎರಡು ಪಂಪು, ಒಂದು ಸದಾ ರಿಪೇರಿ.
ನೀರು ಕೆಂಪು ಗೆರೆ ಮುಟ್ಟಿದರೆ
ನನಗೆ ಇಪ್ಪತ್ತು ನಿಮಿಷ.
ಆಮೇಲೆ ಒಂದೋ ಕೆಳಗಿನ ಓಣಿಯ
ಮನೆಮನೆಯ ಪಾಯಿಖಾನೆ ಉಕ್ಕಬೇಕು,
ಇಲ್ಲ, ಈ ಚಕ್ರ ತಿರುಗಿಸಿ ಗೇಟೆತ್ತಿ
ತೋಡಿಗೆ ಬಿಡಬೇಕು.

ಆಟಿಯ ಒಂದು ರಾತ್ರಿ ಬಿಟ್ಟೆ.
ಒಂದೇ ಅಲ್ಲ. ಪುಸ್ತಕದಲ್ಲಿ ಬರೆದದ್ದು ಒಂದು.
ಬೆಳಿಗ್ಗೆ ತೋಡಿನಾಚೆ ಜುಲಿಯಾನ ಬಾಯಿ
ಕೊಡಪಾನವನ್ನು ಮೂಗಿನ ಹತ್ತಿರ ತಂದು
ಸುಮ್ಮನೆ ನಿಂತದ್ದು ಕಂಡೆ.
ಬೈಯಲಿಲ್ಲ.
ಬಸಳೆಯ ಬುಡಕ್ಕೆ ಹೊಯ್ದು ಒಳಗೆ ಹೋದರು.
ಮುರಕಲ್ಲು ಕಡಿದು ಇಳಿಸಿದ್ದ ಬಾವಿ,
ಎಪ್ರಿಲಿನಲ್ಲೂ ಎರಡಾಳು ನೀರು.
ಮಾರನೆಯ ವಾರ ಅದಕ್ಕೆ ಹಸಿರು ಬಲೆ,
ಗೋಡೆಯ ಮೇಲೆ ಇದ್ದಿಲಿನಲ್ಲಿ ಟ್ಯಾಂಕರಿನವನ ನಂಬರು.

ಈ ವರ್ಷ ಬೋರ್ ಯಂತ್ರ ಬಂತು. ಸುರಂಗದ ಸರ್ವೆಯಂತೆ.
ಎಂಜಿನಿಯರ್ ರಂಝೀನಾ ಬೂಟಿನ ಕೆಸರು ಕೆರೆಯುತ್ತ ಹೇಳಿದಳು:
ನಲ್ವತ್ತು ಮೀಟರ್ ಕೆಳಗೆ, ಲಾರಿ ಹೋಗುವಷ್ಟು ಅಗಲ,
ಪಡೀಲಿನಿಂದ ಕುದ್ರೋಳಿವರೆಗೆ.
ಮಳೆಗೆ ತುಂಬಿಕೊಂಡು ಕೂತಿರುತ್ತದೆ,
ಬಿಟ್ಟ ಮೇಲೆ ನಿಧಾನ ಎತ್ತಿ ಶುದ್ಧ ಮಾಡುವುದು.
ಆಗುತ್ತದೋ ಇಲ್ಲವೋ, ಅಂಕಲ್,
ಮೊದಲು ಕಲ್ಲು ಸಿಗಬೇಕು.

ಮರದ ಪೆಟ್ಟಿಗೆಯಲ್ಲಿ ನೆಲವನ್ನು
ಬಳೆಗಾರರಂತೆ ಸಾಲಾಗಿ ಜೋಡಿಸಿದರು.
ಮೇಲೆ ಮುರಕಲ್ಲು, ಜೇನುಹುಟ್ಟಿನಂತೆ ತೂತು ತೂತು.
ಅದರಡಿ ಶೇಡಿಮಣ್ಣು, ಬಿಳಿ, ನಸುಗೆಂಪು,
ಒದ್ದೆಯಾದರೆ ಯಾರ ಮಾತೂ ಕೇಳದ್ದು.
ಇಪ್ಪತ್ತೆಂಟನೆಯ ಮೀಟರಿಗೆ ಕಪ್ಪು ಕಲ್ಲು.
ಮುಟ್ಟಿದೆ. ತಣ್ಣಗಿತ್ತು.
ಇಷ್ಟು ವರ್ಷ ಇದರ ಮೇಲೆ ಕೂತೇ ಚಾ ಕುಡಿದದ್ದು.

ಓವರ್‌ಫ್ಲೋ ವರ್ಷಕ್ಕೆ ಎಷ್ಟು ಸಲ, ಅಂತ ಕೇಳಿದಳು.
ಪುಸ್ತಕ ಕೊಟ್ಟೆ. ನಾಲ್ಕು.
ನಾಲ್ಕಕ್ಕೆ ತಕ್ಕ ಸುರಂಗವನ್ನು
ಅವಳ ಪೆನ್ಸಿಲು ಗೀಚತೊಡಗಿತು, ಚಿಕ್ಕದು, ಚಂದದ್ದು.
ನೋಡುತ್ತ ನನ್ನ ಗಂಟಲಲ್ಲಿ
ನೀರು ಗೆರೆ ಮುಟ್ಟಿತು.

"ಮೂವತ್ತೊಂದು," ಎಂದೆ.
"ಬರೆಯದ್ದು ಇಪ್ಪತ್ತೇಳು."

ಅವಳು ಏನೂ ಹೇಳದೆ
ರಬ್ಬರು ಹುಡುಕಿದಳು.

ಸಂಜೆ ಕಾಲುಸಂಕ ದಾಟಿದೆ.
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ದಂಡೆಗೆ.
ಬಾಗಿಲಲ್ಲೇ ಹೇಳಿದೆ, ಬಾಯಿ, ಅದು ನಾನೇ.
"ಗೊತ್ತುಂಟು ಮಾರಾಯ.
ನಿನ್ನ ಗೇಟು ಕಿರ್ರೆನ್ನುವುದು ಇಲ್ಲಿಗೆ ಕೇಳುತ್ತದೆ.
ಸ್ವಲ್ಪ ಎಣ್ಣೆ ಹಾಕಬಾರದಾ?"

ಮೊಳೆಯಿಂದ ಇಗರ್ಜಿಯ ಕ್ಯಾಲೆಂಡರು ತೆಗೆದರು.
ತಾರೀಕಿನ ಮೇಲೆ ಪೆನ್ನಿನ ಸಣ್ಣ ಸಣ್ಣ ಶಿಲುಬೆ,
ಜೂನಿನಿಂದ ಅಕ್ಟೋಬರಿನ ತನಕ.
"ಮೂವತ್ತೊಂದಲ್ಲ. ಎಣಿಸು."

ಮೂವತ್ನಾಲ್ಕು.
ಮೂರು ಸಲ ನನಗೇ ಮರೆತಿತ್ತು.

ಹಿಂತಿರುಗುವಾಗ ಹನಿ ಶುರುವಾಯಿತು.
ಕ್ಯಾಲೆಂಡರನ್ನು ಅಂಗಿಯೊಳಗೆ ತುರುಕಿ
ಬೇಗ ಬೇಗ ನಡೆದೆ.
ಆ ಹುಡುಗಿ ಜೀಪು ಹತ್ತುವ ಮೊದಲು ಮುಟ್ಟಬೇಕು.