ದುದ್ದದ ಯಂತ್ರಕ್ಕೆ ಬಲೆ ಹೆಣೆದದ್ದು

ದುದ್ದದ ಡೇರಿಯಿಂದ ನಿಂಗರಾಜು ಫೋನು, ಬೆಳಿಗ್ಗೆ ಆರೂಕಾಲು:
"ನಿಮ್ ಮಿಷಿನ್ನು ಹಾಲಿಗೆ ಬಾಯೇನೋ ತೆಗೀತದೆ ಮೇಡಂ,
ಪಂಪು ಗುರ್ ಅಂದೇಟಿಗೆ ಮೂರ್ಛೆ ಹೋಯ್ತದೆ,
ಮತ್ತೆ ಎದ್ದು ನಮಸ್ಕಾರ ಅಂತದೆ.
ಕ್ಯೂನಲ್ಲಿ ಮೂವತ್ತು ಕ್ಯಾನು. ನಾನೇನ್ ಅನ್ಲಿ?"

ಹಾಸನದ ಕೈಗಾರಿಕಾ ವಸಾಹತು,
ಕೆಳಗೆ ಟಾರ್ಪಾಲು ಹೊಲಿಯುವವರು, ಮೇಲೆ ನಾವು ಮೂವರು.
ಬೋರ್ಡನ್ನು ದೀಪಕ್ಕೆ ಹಿಡಿದೆ.
ಹಸಿರು ಚರ್ಮದ ಒಳಗೆ, ಮೂರನೇ ಪದರದಲ್ಲಿ
ಕರೆಂಟು ಹಂಚುವ ತಾಮ್ರದ ಹಾಳೆ. ಕಾಣುವುದಿಲ್ಲ.
ಕಾಣದ್ದನ್ನು ಲೆಕ್ಕದಲ್ಲೇ ಕಾಣಬೇಕು.

ಮೊದಲ ಲೆಕ್ಕ ಸೋಮಾರಿಯದು.
ಇಡೀ ಹಾಳೆ ಒಂದೇ ಬಿಂದು ಅಂದುಕೊಂಡೆ:
ಒಂದು ಕೆಪಾಸಿಟರ್, ಒಂದು ಪಂಪು, ನಡುವೆ ಗೆರೆ.
ಎರಡೇ ಸೆಕೆಂಡು. ಉತ್ತರ: ಎಲ್ಲ ಕ್ಷೇಮ.
ಬಾಗಿಲಲ್ಲಿ ನಿಂತವರನ್ನು ಕೇಳಿ
ಒಳಗಿನವರೂ ಉಂಡರೆಂದು ಬರೆದುಕೊಂಡು ಹೋಗುವ
ಜನಗಣತಿಯವನ ಹಾಗೆ.

ಎರಡನೆಯದು ಹಟದ್ದು.
ನೂಲಿನಷ್ಟು ಸಣ್ಣ ಚೌಕ, ಮೂಲೆಯಿಂದ ಮೂಲೆಗೆ,
ಏನೂ ನಡೆಯದ ಅಂಚಿನಲ್ಲೂ, ಸ್ಕ್ರೂ ಕೂರುವಲ್ಲೂ.
ರಾತ್ರಿ ಹತ್ತಕ್ಕೆ ಓಡಲು ಬಿಟ್ಟು ಮನೆಗೆ ಹೋದೆ.
ಬೆಳಿಗ್ಗೆ ಕಪ್ಪು ಪರದೆ, ಕುಂಯ್‌ಗುಡುವ ಯುಪಿಎಸ್ಸು:
ಕರೆಂಟಿನ ಲೆಕ್ಕ ಕರೆಂಟಿಲ್ಲದೆ ನಿಂತಿತ್ತು.

ಆಮೇಲೆ ಐದು ಮಿಲಿಮೀಟರಿನ ಚೌಕ.
ಅಲೆಯ ಹತ್ತನೇ ಪಾಲಿಗೊಂದು ಚೌಕ ಸಾಕು, ಅಂತ ಓದಿದ್ದು;
ಪಂಪಿನ ಅಲೆಯೋ, ಇಲ್ಲಿ ತಲೆಯಿಟ್ಟರೆ
ಕಾಲು ಅರಸೀಕೆರೆ ದಾಟುವಷ್ಟು ಉದ್ದ.
ನಿಶ್ಚಿಂತೆಯಿಂದ ಹೆಣೆದೆ. ಉತ್ತರ ಮತ್ತೆ: ಕ್ಷೇಮ.

ಬಾಡಿಗೆಗೆಂದು ಬಂದರು ಧರಣೇಂದ್ರಯ್ಯ,
ಸರ್ವೆ ಇಲಾಖೆಯಿಂದ ನಿವೃತ್ತರು.
"ಇದೇನು, ಗದ್ದೆ ಪೋಡಿ ಮಾಡಿದ ಹಾಗಿದೆ?"
ಹೇಳಿದೆ. ಬಾಡಿಗೆ ಮರೆತು ಸ್ಟೂಲು ಎಳೆದುಕೊಂಡರು.
"ಸರಪಳಿ ಎಳೆಯೋವಾಗ
ಬದು ನೆಟ್ಟಗಿದ್ರೆ ಎರಡು ಕಲ್ಲಿಗೇ ಸುಮ್ಮನಾಗ್ತಿದ್ವಿ.
ಹಳ್ಳ ಕೊಂಕಿದ ಕಡೆ ಹೆಜ್ಜೆಗೊಂದು ಅಡ್ಡ ಅಳತೆ.
ಎಲ್ಲಾ ಕಡೆ ಹೆಜ್ಜೆಗೊಂದು ಹಿಡೀತೀನಂತ ಹೋದ ಹೊಸ ಹುಡುಗ
ಒಂದು ಸರ್ವೆ ನಂಬರಿನಲ್ಲೇ ಮಳೆಗಾಲ ಕಳೆದ."
ನಕ್ಕರು. "ನಿಮ್ಮದರಲ್ಲಿ ಹಳ್ಳ ಎಲ್ಲಿ ತಾಯಿ?"

ಹಳ್ಳ.
ಪಂಪಿನ ಕನೆಕ್ಟರಿನ ಬದಿಗೆ ಎರಡು ಸಾಲು ತೂತು,
ತೂತಿನ ಸುತ್ತ ತಾಮ್ರ ತೆಗೆದ ಬಳೆ,
ಬಳೆಗೆ ಬಳೆ ತಾಗಿ
ಸಾಲುಗಳ ನಡುವೆ ಉಳಿದದ್ದು ಅರ್ಧ ಮಿಲಿಮೀಟರಿನ ಓಣಿ.
ಎದ್ದೇಳುವ ಪಂಪು ಹತ್ತು ಆಂಪಿಯರ್ ಕೇಳುತ್ತದೆ,
ಅಷ್ಟೂ ಆ ಓಣಿಯಲ್ಲೇ ನುಗ್ಗಬೇಕು.
ನನ್ನ ದೊಡ್ಡ ಚೌಕವೋ
ತೂತನ್ನೂ ಓಣಿಯನ್ನೂ ಸೇರಿಸಿ ಸಗಣಿ ಸಾರಿಸಿದ ಅಂಗಳ ಮಾಡಿಟ್ಟಿತ್ತು.

ಅಲ್ಲಿ ಮಾತ್ರ ಸಣ್ಣಗೆ ಹೆಣೆದೆ. ಉಳಿದದ್ದು ಹಾಗೇ ಇರಲಿ.
ಏಳು ನಿಮಿಷ.
ಮುಬೀನಾ ಚಹಾ ಸೋಸುವಷ್ಟರಲ್ಲಿ ಓಣಿ ಕೆಂಪಗಾಯಿತು,
ಐದು ವೋಲ್ಟು ನಾಲ್ಕು ಪಾಯಿಂಟ್ ಆರಕ್ಕೆ ಕುಸಿಯಿತು.
ಅಷ್ಟು ಇಳಿದರೆ ಕಣ್ಣು ಮುಚ್ಚು ಎಂದು
ಪ್ರೊಸೆಸರಿಗೆ ಹೇಳಿಕೊಟ್ಟವರು ನಾವೇ.
ಮುಬೀನಾ ಇಣುಕಿದಳು.
"ಅಲ್ಲೇನಾ? ಪಂಪು ಟೆಸ್ಟಿಂಗಲ್ಲಿ ಅದೇ ಜಾಗ ಬೆರಳಿಗೆ ಬಿಸಿ ತಾಗ್ತಿತ್ತು.
ನೀವು ಕೇಳ್ಲಿಲ್ಲ."
ಓಣಿಯ ನೆತ್ತಿಯ ಮೇಲೆ ದಪ್ಪ ತಂತಿಯ ಸೇತುವೆ ಬೆಸೆದು ಕೊಟ್ಟಳು.

ಮರುದಿನ ದುದ್ದ. ಪಂಪು ಗುರ್ ಅಂದಿತು, ಯಂತ್ರ ಎಚ್ಚರವಿತ್ತು.
ಕೆಂಪಮ್ಮನ ಹಾಲಿಗೆ ಫ್ಯಾಟು ಮೂರು ಪಾಯಿಂಟ್ ಒಂಬತ್ತು.
"ನೆನ್ನೆ ನಾಕಿತ್ತಲ್ಲ! ಅದೇ ಹಸ, ಅದೇ ಹುಲ್ಲು!"
ಒಳಗೆ ಯಂತ್ರ ಎಣಿಸಿದ್ದು ಮೂರು ಪಾಯಿಂಟ್ ಒಂಬತ್ತು ನಾಲ್ಕು ಏಳು.
ಡೇರಿ ಪುಸ್ತಕದಲ್ಲಿ ಒಂದೇ ಅಂಕಿಗೆ ಜಾಗ.
ನನಗೆ ಗೊತ್ತಿತ್ತು. ಕ್ಯಾನು ಎತ್ತಿಕೊಡಲು ಬಗ್ಗಿದೆ.

ವಾಪಸು ಬಸ್ಸಿನಲ್ಲಿ ಬೋರ್ಡಿನ ಚಿತ್ರ ತೊಡೆಯ ಮೇಲೆ:
ಓಣಿಯ ಸುತ್ತ ಇರುವೆ ಸಾಲಿನಂಥ ಗೆರೆಗಳು,
ಆಚೆಗೆ ದೊಡ್ಡ ದೊಡ್ಡ ಚೌಕ, ಖಾಲಿ.
ಖಾಲಿ ಎಂದವಳು ನಾನು.